ಫುಟ್ ಸಾಹೇಬ್ರು ನಡೆದ ದಾರೀಲಿ ನಾಲ್ಕು ದಿನ: ಬಳ್ಳಾರಿಯಿಂದ ಗೋಕಾಕಕ್ಕೆ

ನಮ್ ಚಿಕ್ಕಪ್ಪ ಸರ್ವಿಸ್ ಪೂರ್ತಿ ಅಂತರ್ಜಲ ಸರ್ವೇಲೇ ಕಳೆದವ್ರು. ಜೀಪಲ್ಲಿ ಹಳ್ಳಿ ಹಳ್ಳಿ ತಿರುಗಿ ಬೋರ್‌ವೆಲ್ ಪಾಯಿಂಟ್ ಗುರುತು ಹಾಕೋದು, ರಾತ್ರಿ ಐಬಿಲಿ ಮಲಗೋದು, ತಿಂಗಳ ಕೊನೇಲಿ ಟಿಎ ಬಿಲ್ ಬರೆಯೋದು. ರಿಟೈರ್ ಆಗಿ ಹನ್ನೊಂದು ವರ್ಷ ಆಯ್ತು, ಆದ್ರೂ ಮನೇಲಿ ಕೂರೋ ಜಾತಿ ಅಲ್ಲ. ಸಂಕ್ರಾಂತಿ ಊಟಕ್ಕೆ ಸಿಕ್ಕಾಗ, "ಲೋ, ಫುಟ್ ಸಾಹೇಬ್ರ ದಾರೀಲಿ ಒಂದ್ ರೌಂಡ್ ಹಾಕ್ಕೊಂಡ್ ಬರೋಣ, ನಾಲ್ಕ್ ದಿನ ರಜಾ ಹಾಕು" ಅಂದ್ರು. ಯಾರ್ ಚಿಕ್ಕಪ್ಪ ಫುಟ್ ಸಾಹೇಬ್ರು, ನಿಮ್ ಹಳೇ ಬಾಸಾ ಅಂತ ಕೇಳ್ದೆ. ಒಂಥರಾ ಹೌದು ಅಂತ ನಕ್ಕರು.

ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ವಿ. ಚಿಕ್ಕಪ್ಪನ ಬ್ಯಾಗಲ್ಲಿ ಒಂದು ಲೆನ್ಸು, ಒಂದು ಸುತ್ತಿಗೆ, ಆಫೀಸಿನ ಕಾಲದ್ದೇ ಒಂದು ಫೀಲ್ಡ್ ನೋಟ್‌ಬುಕ್ಕು, ಚಿಕ್ಕಮ್ಮ ಕಟ್ಟಿಕೊಟ್ಟ ಚಪಾತಿ. ಚಪಾತಿ ತಿಂತಾ ತಿಂತಾ ಅವ್ರು ಹೇಳಿದ್ದು ಕೇಳಿ ನನ್ ನಿದ್ದೆ ಹಾರೋಯ್ತು. ರಾಬರ್ಟ್ ಬ್ರೂಸ್ ಫುಟ್ ಹುಟ್ಟಿದ್ದು 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರ ಡಿಸೆಂಬರಲ್ಲಿ ಜಿಯಲಾಜಿಕಲ್ ಸರ್ವೇ ಆಫ್ ಇಂಡಿಯಾಗೆ ಸೇರಿಕೊಂಡು ಮದ್ರಾಸ್ ಕಡೆಗೆ ಬಂದ್ರು. ಕೆಲಸ ಏನಪ್ಪಾ ಅಂದ್ರೆ ದಕ್ಷಿಣ ಭಾರತದ ಬಂಡೆಗಳ ನಕ್ಷೆ ಮಾಡೋದು, ಮಳೆ ನಿಂತ ಮೇಲೆ ಕ್ಯಾಂಪು ಹೊರಡೋದು, ಬಿಸಿಲು ಏರೋ ತನಕ ಟೆಂಟಲ್ಲಿ ಇರೋದು, ಆಮೇಲೆ ಆಫೀಸಿಗೆ ಬಂದು ರಿಪೋರ್ಟ್ ಬರೆಯೋದು. ಹೀಗೆ 1891ರ ತನಕ, ಹೆಚ್ಚುಕಮ್ಮಿ ಮೂವತ್ಮೂರು ವರ್ಷ.

ಆದ್ರೆ ಸಾಹೇಬ್ರು ಹೆಸರಾಗಿದ್ದು ಆ ಕೆಲಸಕ್ಕಲ್ಲ. 1863ನೇ ಇಸವಿ ಮೇ 30ನೇ ತಾರೀಕು ಮದ್ರಾಸ್ ಹತ್ರ ಪಲ್ಲಾವರದಲ್ಲಿ, ಜಂಬಿಟ್ಟಿಗೆ ಜಲ್ಲಿ ತೆಗೆದಿದ್ದ ಒಂದು ಗುಂಡಿ ನೋಡ್ತಾ ಇದ್ರಂತೆ. ಅಲ್ಲಿ ಒಂದು ಕಲ್ಲು ಕಣ್ಣಿಗೆ ಬಿತ್ತು, ತಾನಾಗೇ ಒಡೆದ ಕಲ್ಲಲ್ಲ ಅದು, ಯಾರೋ ಕೈಯಾರೆ ಚಕ್ಕೆ ಎಬ್ಬಿಸಿ ಮಾಡಿದ ಕೈಗೊಡಲಿ. ಆ ಟೈಮಲ್ಲಿ ಯುರೋಪಲ್ಲೇ ಈ ಕಲ್ಲು ಆಯುಧಗಳು ಮನುಷ್ಯರು ಮಾಡಿದ್ದು ಹೌದಾ ಅಲ್ವಾ ಅನ್ನೋ ಜಗಳ ಆಗಷ್ಟೇ ತಣ್ಣಗಾಗ್ತಿತ್ತು, ನಮ್ ದೇಶದಲ್ಲಂತೂ ಹಳೇ ಶಿಲಾಯುಗ ಅನ್ನೋದು ಒಂದು ಇತ್ತು ಅಂತ ಯೋಚನೆ ಮಾಡೋರೇ ಇರಲಿಲ್ಲ. ಸಾಹೇಬ್ರಿಗೆ ಆಗ ವಯಸ್ಸು ಇಪ್ಪತ್ತೆಂಟು. ಅದೇ ವರ್ಷ ಸೆಪ್ಟೆಂಬರಲ್ಲಿ ಜೊತೆಗಾರ ವಿಲಿಯಂ ಕಿಂಗ್ ಜೊತೆ ಹೋಗಿ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಕಲ್ಲಾಯುಧ ಹುಡುಕಿದ್ರು. ಆ ಅತ್ತಿರಂಪಾಕ್ಕಂ ಆಯುಧಗಳು ಸುಮಾರು 15 ಲಕ್ಷ ವರ್ಷ ಹಳೇವು ಅಂತ 2011ರಲ್ಲಿ ಪುರಾತತ್ವಜ್ಞೆ ಶಾಂತಿ ಪಪ್ಪು ಅವರ ತಂಡ ಲೆಕ್ಕ ಹಾಕಿ ತೋರಿಸ್ತು.

"ಸರ್ಕಾರ ಕೇಳಿದ್ದು ಬಂಡೆ, ಸಾಹೇಬ್ರು ಕೊಟ್ಟಿದ್ದು ಬಂಡೆ ಪ್ಲಸ್ ಮನುಷ್ಯ" ಅಂದ್ರು ಚಿಕ್ಕಪ್ಪ, ಲೈಟ್ ಆಫ್ ಮಾಡಿ ಗೊರಕೆ ಶುರು ಮಾಡಿದ್ರು.

ದಿನ 1, ಬಳ್ಳಾರಿ

ಬೆಳಿಗ್ಗೆ ಇಳಿದಾಗಲೇ ಸ್ವೆಟರ್ ತೆಗೆದು ಬ್ಯಾಗಿಗೆ ತುರುಕಿದ್ದಾಯ್ತು. ಲಾಡ್ಜಲ್ಲಿ ಸ್ನಾನ (ಬಿಸಿನೀರು ಅಂತ ಬೋರ್ಡಿತ್ತು, ನೀರು ಬೋರ್ಡ್ ಓದಿರಲಿಲ್ಲ), ಆಮೇಲೆ ಬೀದಿ ಗಾಡೀಲಿ ವಗ್ಗರಣಿ ಮಿರ್ಚಿ. ಮಂಡಕ್ಕಿ ನೆನೆಸಿ ಹುಣಸೆಹುಳಿ ಹಾಕಿ ಮೇಲೆ ಪುಟಾಣಿ ಪುಡಿ ಉದುರಿಸಿ ಪಕ್ಕದಲ್ಲಿ ಎರಡು ಮಿರ್ಚಿ ಬಜ್ಜಿ ಇಟ್ಟು ಕೊಡ್ತಾರೆ. ನಾನು ಎರಡು ಪ್ಲೇಟ್ ತಿಂದೆ. ಚಿಕ್ಕಪ್ಪ ಆ ಮಿರ್ಚಿ ಖಾರಕ್ಕೆ ಕಣ್ಣಲ್ಲಿ ನೀರು ಹಾಕ್ಕೊಂಡು, ತಲೆ ಎತ್ತಿ ಕೋಟೆ ಗುಡ್ಡ ನೋಡಿ "ಗ್ರಾನೈಟು" ಅಂದ್ರು. ನಾಲ್ಕು ದಿನವೂ ಹಿಂಗೇನೇ, ಎಲ್ಲದಕ್ಕೂ ಮೊದಲು ಕಲ್ಲಿನ ಹೆಸರು.

ಮೊದಲು ಮ್ಯೂಸಿಯಂಗೆ ಹೋದ್ವಿ. ರಾಬರ್ಟ್ ಬ್ರೂಸ್ ಫುಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ಅಂತ ಸಾಹೇಬ್ರ ಹೆಸರಲ್ಲೇ ಇದೆ, ಇದರ ಹಿಂದೆ ಪುರಾತತ್ವದ ಪ್ರೊಫೆಸರ್ ರವಿ ಕೋರಿಶೆಟ್ಟರ್ ಅವರ ವರ್ಷಗಟ್ಟಲೆ ದುಡಿಮೆ ಇದೆ. ಇಂಗ್ಲಿಷ್ ಅಧಿಕಾರಿ ಹೆಸರಿನ ಮ್ಯೂಸಿಯಂ ಬಳ್ಳಾರೀಲಿ ಯಾಕೆ ಅಂತ ಕೇಳೋರು ಇರ್ತಾರೆ, ನಾನೂ ಕೇಳ್ದೆ. ಚಿಕ್ಕಪ್ಪ ಉತ್ತರ ಕೊಡದೆ ಒಂದು ಗಾಜಿನ ಪೆಟ್ಟಿಗೆ ಮುಂದೆ ನಿಲ್ಲಿಸಿದ್ರು. ಒಳಗೆ ಕಪ್ಪನೆ ಕಲ್ಲಿನ ಕೊಡಲಿ, ಅಂಗೈ ಅಷ್ಟು ಉದ್ದ, ಬಾಯಿ ಕಡೆ ಕನ್ನಡಿ ಥರ ನಯ, ಹಿಂದುಗಡೆ ಸಿಡುಬಿನ ಕಲೆ ಥರ ಸಣ್ಣ ಸಣ್ಣ ಗುಳಿ. "ಕಲ್ಲು ನೋಡಬೇಡ, ಚೀಟಿ ನೋಡು. ಊರಿನ ಹೆಸರಿದೆ ತಾನೆ? ಊರು ಗೊತ್ತಿಲ್ದೆ ಹೋದ್ರೆ ಇದು ಬರೀ ಚೆಂದದ ಕಲ್ಲು."

ಸಾಹೇಬ್ರ ಅಭ್ಯಾಸವೇ ಅದಂತೆ. ಸರ್ವೇಗೆ ಹೋದಲ್ಲೆಲ್ಲ ಕಲ್ಲಾಯುಧ, ಮಡಕೆ ಚೂರು ಏನ್ ಸಿಕ್ರೂ ಎತ್ತಿಕೊಂಡು, ಯಾವ ಜಿಲ್ಲೆ ಯಾವ ಊರು ಅಂತ ಬರೆದು ನಂಬರ್ ಹಾಕಿ ಇಡೋದು. ಹೀಗೆ ನಾನೂರಕ್ಕೂ ಹೆಚ್ಚು ಜಾಗ ಅವರ ಲೆಕ್ಕಕ್ಕೆ ಬಂತು. ಆ ಇಡೀ ಸಂಗ್ರಹ 1904ರಲ್ಲಿ ಮದ್ರಾಸ್ ಮ್ಯೂಸಿಯಂ ಸೇರ್ತು, ಈಗಲೂ ಚೆನ್ನೈನ ಎಗ್ಮೋರ್‌ನಲ್ಲಿ ಇದೆ. ಅದರ ಕ್ಯಾಟಲಾಗ್ ಮಾತ್ರ ಸಾಹೇಬ್ರು ಹೋದ ಮೇಲೆ, 1914ರಲ್ಲಿ ಒಂದು ಭಾಗ, 1916ರಲ್ಲಿ ಇನ್ನೊಂದು ಭಾಗ ಅಚ್ಚಾಯ್ತು. ಆ ಪಟ್ಟಿ ಹಿಡ್ಕೊಂಡೇ ಮುಂದಿನ ತಲೆಮಾರಿನ ಪುರಾತತ್ವದೋರು ಅದೇ ಊರುಗಳನ್ನ ಹುಡುಕಿಕೊಂಡು ಬಂದಿದ್ದು.

ಮಧ್ಯಾಹ್ನ ಆಟೋ ಮಾಡ್ಕೊಂಡು ಸಂಗನಕಲ್ಲು. ಊರು ದಾಟಿದ ತಕ್ಷಣ ಗುಡ್ಡ ಕಾಣುತ್ತೆ, ಗುಡ್ಡ ಅನ್ನೋಕಿಂತ ದೊಡ್ಡ ದೊಡ್ಡ ಬಂಡೆಗಳನ್ನ ಯಾರೋ ಸುರಿದು ಹೋದ ಹಾಗೆ. ಪಕ್ಕದ ಹಳ್ಳಿ ಕಪ್ಪಗಲ್ಲು, ಇಂಗ್ಲಿಷ್ ಪುಸ್ತಕಗಳಲ್ಲಿ ಕುಪ್ಗಲ್. ತಿಳಿ ಬಣ್ಣದ ಗ್ರಾನೈಟ್ ನಡುವೆ ಒಂದು ಕಪ್ಪು ಪಟ್ಟೆ ಗುಡ್ಡದ ಉದ್ದಕ್ಕೂ ಓಡುತ್ತೆ, ಅದು ಡಾಲರೈಟ್ ಡೈಕು. ಅಂದ್ರೆ ಬಿರುಕಿನೊಳಗೆ ಕೆಳಗಿಂದ ಕರಗಿದ ಕಲ್ಲು ಏರಿ ಬಂದು ಹಾಗೇ ಗಟ್ಟಿಯಾಗಿದ್ದು. "ನೋಡು, ಊರಿನ ಹೆಸರು ಇಟ್ಟೋನು ಜಿಯಾಲಜಿಸ್ಟೇ ಇರಬೇಕು" ಅಂತ ಚಿಕ್ಕಪ್ಪ ಜೋಕ್ ಮಾಡಿದ್ರು.

ಈ ಕಪ್ಪು ಕಲ್ಲೇ ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿದ್ದ ಜನರ ಕಬ್ಬಿಣ, ಸ್ಟೀಲು ಎಲ್ಲ. ಇಲ್ಲಿ ಕೊಡಲಿ ತಯಾರಿ ನಡೀತಿತ್ತು ಅಂತ ಫುಟ್ ಸಾಹೇಬ್ರು ವಿವರವಾಗಿ ಬರೆದಿಟ್ಟಿದ್ದಾರೆ. ಮೊದಲು ಕಲ್ಲಿಗೆ ಕಲ್ಲು ಹೊಡೆದು ಚಕ್ಕೆ ಎಬ್ಬಿಸೋದು, ಆಮೇಲೆ ಕುಟ್ಟಿ ಕುಟ್ಟಿ ಉಬ್ಬು ತಗ್ಗು ಸರಿ ಮಾಡೋದು, ಕೊನೆಗೆ ನೀರು ಹಾಕಿ ಬಂಡೆ ಮೇಲೆ ಉಜ್ಜೋದು. ಉಜ್ಜಿದ ಜಾಗ ಇನ್ನೂ ಇದೆ ಕಣ್ರೀ! ಗ್ರಾನೈಟ್ ಬಂಡೆ ಮೇಲೆ ದೋಣಿ ಆಕಾರದ ಉದ್ದ ಗುಳಿಗಳು, ಅಂಗೈ ಇಟ್ರೆ ಒಳಗೆ ಜಾರುತ್ತೆ, ಸುತ್ತ ಬಂಡೆ ಗರಗರ ಅನ್ನುತ್ತೆ, ಗುಳಿ ಮಾತ್ರ ನುಣುಪು. ನಾನು ಸುಮಾರು ಹೊತ್ತು ಅಲ್ಲೇ ಕೂತು ಕೈ ಹಿಂದೆ ಮುಂದೆ ಆಡಿಸ್ತಾ ಇದ್ದೆ, ಯಾವನೋ ಒಬ್ಬ ಇಲ್ಲೇ ಕೂತು ಸೊಂಟ ನೋಯಿಸ್ಕೊಂಡಿದಾನೆ ಅನ್ನಿಸ್ತು.

ಮೇಲೆ ಹತ್ತೋದು ಸುಲಭ ಇಲ್ಲ, ಬಂಡೆಯಿಂದ ಬಂಡೆಗೆ ಹಾರಬೇಕು, ನನ್ನ ಶೂ ಸೋಲ್ ಅಲ್ಲೇ ಬಾಯಿ ಬಿಡ್ತು. ಡೈಕ್ ಕಲ್ಲುಗಳ ಮೇಲೆ ಚಿತ್ರಗಳಿವೆ, ಜಾಸ್ತಿ ಉದ್ದ ಕೊಂಬಿನ ಡುಬ್ಬದ ಎತ್ತುಗಳು, ಕುಟ್ಟಿ ಕುಟ್ಟಿ ಮೂಡಿಸಿದ್ದು. ಇನ್ನೊಂದು ಮಜಾ ಏನಂದ್ರೆ ಕೆಲವು ಬಂಡೆ ಹೊಡೆದ್ರೆ ಗಂಟೆ ಥರ ಸದ್ದು ಮಾಡ್ತವೆ, ಹೊಡೆದು ಹೊಡೆದೇ ಅವುಗಳ ಮೇಲೆ ಗುಳಿ ಬಿದ್ದಿದೆ. 2000ದ ನಂತರ ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ ಅವರು ಇದರ ಮೇಲೆ ಬರೆದಾಗ ಜೊತೆಗೇ ಕಲ್ಲು ಗಣಿಗಾರಿಕೆಯಿಂದ ಈ ಗುಡ್ಡಕ್ಕೆ ಅಪಾಯ ಇದೆ ಅಂತಾನೂ ಬರೆದಿದ್ರು. ನಾನು ಹೊಡೆದು ನೋಡ್ಲಾ ಅಂದೆ. ಚಿಕ್ಕಪ್ಪ ಸುತ್ತಿಗೆ ಬ್ಯಾಗಿಂದ ತೆಗೀಲೇ ಇಲ್ಲ, ನನಗೂ ಮುಟ್ಟೋಕೆ ಬಿಡ್ಲಿಲ್ಲ. ನೆಲದ ಮೇಲೆ ಬಿದ್ದಿರೋ ಚಕ್ಕೆ ಕೂಡ ಎತ್ತಬೇಡ, ಅದು ಎಲ್ಲಿದೆಯೋ ಅಲ್ಲೇ ಇದ್ರೆ ಬೆಲೆ ಅಂದ್ರು.

ಇಲ್ಲಿ 1940ರ ದಶಕದಲ್ಲಿ ಪುರಾತತ್ವದ ಸುಬ್ಬರಾವ್ ಅವರು ಅಗೆದು ನೋಡಿದ್ರು, ಆಮೇಲೆ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಇವರೆಲ್ಲ ಬಂದು ಮಣ್ಣು ಜರಡಿ ಹಿಡಿದು ನೀರಲ್ಲಿ ತೇಲಿಸಿ ಸುಟ್ಟ ಕಾಳುಗಳನ್ನ ಹುಡುಕಿದ್ರು. ಏನ್ ಸಿಕ್ತು ಅಂದ್ರೆ ಹುರುಳಿ, ಹೆಸರು, ಕೊರಲೆ. ಬೆಂಗಳೂರಿನ ಸಿರಿಧಾನ್ಯ ಅಂಗಡೀಲಿ ನನ್ ಹೆಂಡ್ತಿ ದುಬಾರಿ ದುಡ್ಡು ಕೊಟ್ಟು ತರೋ ಅದೇ ಕೊರಲೆ.

ಇಳಿಯುವಾಗ ಆಟೋ ಡ್ರೈವರ್ರು ಕೇಳಿದ್ರು, "ಅಲ್ರೀ ಸರ, ಆ ಸಾಯಬ ಇಷ್ಟೆಲ್ಲಾ ಕಲ್ಲು ಒಯ್ದಾನಲ್ರೀ, ಹೊತ್ತವರ್ಯಾರು?" ಚಿಕ್ಕಪ್ಪ ತಕ್ಷಣಕ್ಕೆ ಏನೂ ಹೇಳ್ಲಿಲ್ಲ. ಎತ್ತಿನ ಗಾಡಿ, ಕೂಲಿಯೋರು ಅಂದ್ರು ಸ್ವಲ್ಪ ಹೊತ್ತಾದ ಮೇಲೆ. "ಅವ್ರ ಹೆಸ್ರು ಬರದಾನೇನ್ರಿ?" ಊರಿಗೆ ಬರೋ ತನಕ ಆಟೋದಲ್ಲಿ ಮಾತಿಲ್ಲ. ರಾತ್ರಿ ಊಟಕ್ಕೆ ಕೂತಾಗ ತಾವಾಗೇ ಹೇಳಿದ್ರು, ಇಪ್ಪತ್ತು ವರ್ಷ ತಮ್ ಜೊತೆ ಉಪಕರಣ ಹೊತ್ತು ತಿರುಗಿದ ಹೆಲ್ಪರ್ ಹೆಸರು ಒಂದು ರಿಪೋರ್ಟಲ್ಲೂ ತಾವೂ ಬರೆದಿಲ್ಲ ಅಂತ.

ದಿನ 2, ಕುಡತಿನಿ ಮತ್ತು ಸಂಡೂರು

ಹೊಸಪೇಟೆ ಬಸ್ ಹತ್ತಿ ಕುಡತಿನಿಯಲ್ಲಿ ಇಳಿದ್ವಿ. ಇಲ್ಲಿರೋದು ಬೂದಿ ದಿಬ್ಬ. ನೋಡೋಕೆ ಏನೂ ಇಲ್ಲ ಅನ್ನಿಸುತ್ತೆ, ಮುಳ್ಳುಗಿಡ ಬೆಳೆದ ಒಂದು ಮಣ್ಣುಗುಡ್ಡೆ ಅಷ್ಟೆ. ಹತ್ರ ಹೋದ್ರೆ ಬಣ್ಣ ಬೇರೆ, ಬೂದು, ಬಿಳಿ, ಪದರ ಪದರ. ಕೆಲವು ಕಡೆ ಕರಗಿ ಗಟ್ಟಿಯಾದ ಗಡ್ಡೆಗಳು, ಒಳಗೆಲ್ಲ ಗುಳ್ಳೆ ಗುಳ್ಳೆ, ಕಮ್ಮಾರನ ಕುಲುಮೆ ಕಿಟ್ಟದ ಹಾಗೆ.

ಇಂಥ ದಿಬ್ಬ ಈ ಸೀಮೇಲಿ ಸುಮಾರಿವೆ. ಜನ ಇದನ್ನ ರಾಕ್ಷಸರನ್ನ ಸುಟ್ಟ ಬೂದಿ ಅಂತಿದ್ರು, ಹಂಪಿ ಹತ್ರ ನಿಂಬಾಪುರದ ದಿಬ್ಬ ಇವತ್ತಿಗೂ ವಾಲಿಯನ್ನ ಸುಟ್ಟ ಜಾಗ ಅಂತಾನೇ ಹೆಸರು. ಬ್ರಿಟಿಷರಲ್ಲೂ ಒಬ್ಬೊಬ್ಬರದ್ದು ಒಂದೊಂದು ವಾದ. ಫುಟ್ ಸಾಹೇಬ್ರು ಹೇಳಿದ್ದು ಒಂದೇ ಮಾತು: ಸಗಣಿ. ದನದ ದೊಡ್ಡಿ, ವರ್ಷಗಟ್ಟಲೆ ಬಿದ್ದ ಸಗಣಿ, ಅದು ಸುಟ್ಟ ಬೂದಿ. ರಾಕ್ಷಸ, ಜ್ವಾಲಾಮುಖಿ, ಬಲಿ ಇಂಥ ರೋಚಕ ಕಥೆಗಳ ಮಧ್ಯೆ ಸಗಣಿ ಅನ್ನೋಕೆ ಧೈರ್ಯ ಬೇಕು ನನ್ ಪ್ರಕಾರ. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅವರು ತೆಲಂಗಾಣ ಕಡೆಯ ಉತ್ನೂರಿನಲ್ಲಿ ಇಂಥದ್ದೇ ದಿಬ್ಬ ಅಗೆದಾಗ ಕಂಬ ನೆಟ್ಟ ಗುಳಿಗಳು, ದನದ ಗೊರಸಿನ ಗುರುತು ಸಿಕ್ಕವು. ಅಲ್ಲಿಗೆ ಸಾಹೇಬ್ರು ಗೆದ್ರು, ಸತ್ತು ನಲವತ್ತು ವರ್ಷ ದಾಟಿದ ಮೇಲೆ. ಆದ್ರೂ ಅಷ್ಟೊಂದು ಸಗಣಿ ಯಾಕೆ ಗುಡ್ಡೆ ಹಾಕಿ ಸುಟ್ರು, ಹೊಲಕ್ಕೆ ಯಾಕೆ ಹಾಕ್ಲಿಲ್ಲ, ಅದೇನು ಹಬ್ಬವಾ ಶಾಸ್ತ್ರವಾ ಅನ್ನೋ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೀತಾನೇ ಇದೆ.

ತಲೆ ಎತ್ತಿದ್ರೆ ಥರ್ಮಲ್ ಪವರ್ ಸ್ಟೇಷನ್ನಿನ ಚಿಮಣಿಗಳು ಕಾಣ್ತವೆ. ಕಲ್ಲಿದ್ದಲು ಸುಟ್ಟ ಬೂದಿ ಅಲ್ಲಿ, ಸಗಣಿ ಸುಟ್ಟ ಬೂದಿ ಇಲ್ಲಿ. ಫೋಟೋ ತೆಗೆಯೋಣ ಅಂತ ಹಿಂದೆ ಹಿಂದೆ ಹೋಗಿ ಜಾಲಿ ಮುಳ್ಳು ಚುಚ್ಚಿಸ್ಕೊಂಡೆ, ನಿನ್ನೆ ಬಾಯಿ ಬಿಟ್ಟ ಶೂನಲ್ಲೇ.

ಅಲ್ಲಿಂದ ತೋರಣಗಲ್ಲು, ಅಲ್ಲಿಂದ ಇನ್ನೊಂದು ಬಸ್ಸಲ್ಲಿ ಸಂಡೂರು. ಊರೊಳಗೆ ಹೋಗೋ ದಾರಿನೇ ಒಂದು ಪಾಠ. ಸುತ್ತ ಗುಡ್ಡದ ಗೋಡೆ, ನಡುವೆ ಕಣಿವೆ, ನಾರಿಹಳ್ಳ ಅನ್ನೋ ಚಿಕ್ಕ ಹೊಳೆ ಆ ಗೋಡೆಯನ್ನ ಎರಡು ಕಡೆ ಕತ್ತರಿಸಿ ಹಾದಿದೆ. ಒಂದು ಭೀಮಗಂಡಿ, ಇನ್ನೊಂದು ಒಬ್ಬಳಗಂಡಿ. ಗಂಡಿಯಲ್ಲಿ ಎರಡೂ ಕಡೆ ಬಂಡೆ ನೆಟ್ಟಗೆ ನಿಂತಿದೆ, ಮಲಗಬೇಕಾದ ಪದರಗಳನ್ನ ಯಾರೋ ಎಬ್ಬಿಸಿ ನಿಲ್ಲಿಸಿದ ಹಾಗೆ. ಕೆಂಪು ಪಟ್ಟೆ, ಕಪ್ಪು ಪಟ್ಟೆ, ಮತ್ತೆ ಕೆಂಪು. ಕಪ್ಪು ಅಂದ್ರೆ ಕಬ್ಬಿಣದ ಅದಿರು.

ಇಲ್ಲಿ ಚಿಕ್ಕಪ್ಪ ನಿಜವಾಗ್ಲೂ ಖುಷಿಯಾದ್ರು, ರಸ್ತೆ ಬದೀಲಿ ಕೂತು ನೋಟ್‌ಬುಕ್ ತೆಗೆದು ಗೆರೆ ಎಳೆದು ತೋರಿಸಿದ್ರು. ಸಾಹೇಬ್ರ ಕಾಲಕ್ಕೆ ಈ ಪಟ್ಟೆ ಪಟ್ಟೆ ಬಂಡೆಗಳನ್ನ ಸುತ್ತಲಿನ ಹಳೇ ಬಂಡೆ ಜೊತೆ ಒಂದೇ ರಾಶಿಗೆ ಹಾಕಿಬಿಡ್ತಿದ್ರು. ಫುಟ್ ಅವರು ಬಳ್ಳಾರಿ, ಅನಂತಪುರ, ಧಾರವಾಡ ಎಲ್ಲ ಕಡೆ ನಡೆದು ನೋಡಿ, ಇಲ್ಲ, ಇವು ಬೇರೆ, ನೈಸ್ (gneiss) ಅನ್ನೋ ಜಾತಿಯ ಹಳೇ ತಳದ ಬಂಡೆ ಮೇಲೆ ಕೂತು ಅದರ ಜೊತೆ ಮಡಚಿಕೊಂಡಿರೋ ಇನ್ನೊಂದು ವರಸೆ ಅಂತ 1880ರ ದಶಕದ ಕೊನೇಲಿ ಬರೆದು ಧಾರವಾಡ ಸಿಸ್ಟಮ್ ಅಂತ ಹೆಸರಿಟ್ರು. ಹಾಸಿಗೆ ಮೇಲೆ ಕಂಬಳಿ ಮುದುಡಿ ಬಿದ್ದ ಹಾಗೆ ಅಂದ್ಕೋ ಅಂದ್ರು ಚಿಕ್ಕಪ್ಪ. ಸುಮಾರು 270 ಕೋಟಿ ವರ್ಷದ ಕಂಬಳಿ. ಚಿನ್ನವೂ ಇದೇ ಕಂಬಳೀಲಿ, ಕಬ್ಬಿಣವೂ ಇದರಲ್ಲೇ. ಎಲ್ಲಿ ಧಾರವಾಡ ಬಂಡೆ ಇದೆಯೋ ಅಲ್ಲಿ ಹುಡುಕಿ ಅನ್ನೋ ಒಂದು ಮಾತಿಗೆ ಎಷ್ಟು ದುಡ್ಡಿನ ಬೆಲೆ ಅಂತ ಯೋಚಿಸಿ. ನಿವೃತ್ತಿ ಆದ್ಮೇಲೆ ಸಾಹೇಬ್ರು ಸ್ವಲ್ಪ ಕಾಲ ಬರೋಡಾ ಸಂಸ್ಥಾನದಲ್ಲಿದ್ರು, 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಮೊದಲ ಮುಖ್ಯಸ್ಥರಾಗಿ ಬಂದಿದ್ದೂ ಅವರೇ. ಚಿಕ್ಕಪ್ಪ ಬಾಸ್ ಅಂದಿದ್ದು ಇದಕ್ಕೆ. ಬಳ್ಳಾರಿ ಜಿಲ್ಲೆ ಬಗ್ಗೆ ಅವರ ದೊಡ್ಡ ವರದಿ ಅಚ್ಚಾಗಿದ್ದು 1895ರಲ್ಲಿ, ಸಂಡೂರಿನ ಅದಿರು ಎಷ್ಟು ಉತ್ತಮ ಅನ್ನೋದೂ ಅದರಲ್ಲಿದೆ.

ಆ ವರದಿ ಬರೆದವ್ರು ಮುಂದೆ ಏನಾಗುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರಲ್ಲ. ಸಂಡೂರು ರಸ್ತೇಲಿ ನಿಂತ್ರೆ ಸಾಕು, ಹತ್ತು ನಿಮಿಷಕ್ಕೆ ಬಿಳಿ ಅಂಗಿ ಕೇಸರಿ. ಗಿಡದ ಎಲೆ ಕೆಂಪು, ಅಂಗಡಿ ಬೋರ್ಡ್ ಕೆಂಪು, ನಾಯಿ ಕೂಡ ಕೆಂಪು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿದ್ದು, ಆಮೇಲೆ ಷರತ್ತು ಹಾಕಿ ಬಿಟ್ಟಿದ್ದು ಎಲ್ಲರಿಗೂ ಗೊತ್ತಿರೋದೇ. ಸಾಹೇಬ್ರನ್ನ ಬೈಬೇಕಾ ಇದಕ್ಕೆ? ಆ ಸರ್ವೇ ನಡೆಸಿದ ಸರ್ಕಾರಕ್ಕೆ ಬೇಕಿದ್ದೇ ಕಲ್ಲಿದ್ದಲು ಎಲ್ಲಿ, ಚಿನ್ನ ಎಲ್ಲಿ, ಕಬ್ಬಿಣ ಎಲ್ಲಿ ಅನ್ನೋದು, ಅದರಲ್ಲಿ ಅನುಮಾನ ಇಲ್ಲ. ನಕ್ಷೆ ಮಾಡೋನು ದಾರಿ ತೋರಿಸ್ತಾನೆ, ಎಷ್ಟು ಅಗೀಬೇಕು ಅನ್ನೋದು ಬೇರೆಯವರ ದುರಾಸೆ ಮೇಲೆ ಹೋಗುತ್ತೆ ಅಂತ ನಾನಂದೆ. ಚಿಕ್ಕಪ್ಪ ಒಪ್ಪಲಿಲ್ಲ. ತಾವು ಪಾಯಿಂಟ್ ಕೊಟ್ಟ ಎಷ್ಟೋ ಬೋರ್‌ವೆಲ್ ಪಕ್ಕದಲ್ಲೇ ಇನ್ನೂ ಹತ್ತು ಬೋರ್ ಕೊರೆದು ಇಡೀ ಊರಿನ ನೀರು ಬತ್ತಿದ್ದು ನೋಡಿದೀನಿ, ನಂದೇನೂ ಇಲ್ಲ ಅನ್ನೋಕಾಗಲ್ಲ ಅಂದ್ರು.

ಕುಮಾರಸ್ವಾಮಿ ದೇವಸ್ಥಾನ ನೋಡಿ ಬರೋಷ್ಟರಲ್ಲಿ ಹೊಸಪೇಟೆಗೆ ಹೋಗೋ ಬಸ್ ನಮ್ ಕಣ್ಣೆದುರೇ ಹೊರಡ್ತು. ತಪ್ಪು ನಂದೇ, ಟೀ ಕುಡಿದು ಬರ್ತೀನಿ ಅಂದಿದ್ದು. ಕಾಯ್ತಾ ಕೂತಾಗ ಕಾಲ ಬಳಿ ಬಿದ್ದಿದ್ದ ಒಂದು ಪಟ್ಟೆ ಪಟ್ಟೆ ಕಲ್ಲು ಚೆನ್ನಾಗಿದೆ ಅಂತ ಜೇಬಿಗೆ ಹಾಕ್ಕೊಂಡೆ.

ದಿನ 3, ಬರೀ ಬಸ್ಸು

ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಧಾರವಾಡ. ಸೀಟು ಸಿಕ್ಕಿದ್ದು ಹಿಂದಿನ ಚಕ್ರದ ಮೇಲೆ. ಗದಗಿನಲ್ಲಿ ಗಿರ್ಮಿಟ್ ತಿಂದ್ವಿ. ಬಸ್ ನಿಂತಲ್ಲೆಲ್ಲ ಇಳಿದು ಕಾಲು ಆಡಿಸೋ ನೆಪದಲ್ಲಿ ಚಿಕ್ಕಪ್ಪ ಒಂದೊಂದು ಕಲ್ಲು ಎತ್ತಿ ಲೆನ್ಸಲ್ಲಿ ನೋಡಿ ಅಲ್ಲೇ ಇಡೋರು, ನಾನೂ ಎರಡು ಎತ್ತಿ ಬ್ಯಾಗಿಗೆ ಹಾಕಿದೆ.

ಧಾರವಾಡದಲ್ಲಿ ಇಳಿದು ಪೇಢೆ ತಗೊಂಡಾಗ ಚಿಕ್ಕಪ್ಪ ಅಂಗಡಿಯವರಿಗೆ, "ನಿಮ್ಮೂರಿನ ಹೆಸರು ಪೇಢೆಗಿಂತ ಮೊದಲು ಬಂಡೆಯಿಂದ ಪ್ರಪಂಚಕ್ಕೆ ಗೊತ್ತು" ಅಂದ್ರು. ಅವರು ನಕ್ಕು ಒಂದು ಪೇಢೆ ಜಾಸ್ತಿ ಕೊಟ್ರು, ಹುಚ್ಚ ಅಂದ್ಕೊಂಡ್ರೋ ಏನೋ. ಆದ್ರೆ ನಿಜ, ಆಸ್ಟ್ರೇಲಿಯಾದಲ್ಲಿ ಕೂತು ಹಳೇ ಬಂಡೆ ಓದೋರ ಬಾಯಲ್ಲೂ ಧಾರವಾಡ ಕ್ರೇಟಾನ್ (ಕ್ರೇಟಾನ್ ಅಂದ್ರೆ ಭೂಖಂಡದ ಬಹಳ ಹಳೇ ಗಟ್ಟಿ ತುಂಡು) ಅನ್ನೋ ಮಾತು ಬರುತ್ತೆ.

ದಿನ 4, ಗೋಕಾಕ

ಬೆಳಿಗ್ಗೆ ಬೇಗ ಹೊರಟು ಗೋಕಾಕ ಫಾಲ್ಸ್. ಜನವರಿ ಕೊನೆ, ನೀರು ಎಳೆ ಎಳೆಯಾಗಿ ಇಳೀತಿತ್ತು, ಅಲ್ಲಿದ್ದ ಒಂದು ಫ್ಯಾಮಿಲಿ ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ ಅಂತ ಜಗಳ ಆಡ್ತಿತ್ತು. ಚಿಕ್ಕಪ್ಪನಿಗೆ ಹಬ್ಬ. ನೀರಿಲ್ಲ ಅಂದ್ರೆ ಬಂಡೆ ಪೂರ್ತಿ ಕಾಣುತ್ತೆ! ಘಟಪ್ರಭಾ 52 ಮೀಟರ್ ಬೀಳೋ ಆ ಗೋಡೆ ಮರಳುಗಲ್ಲಿನದ್ದು, ಇಟ್ಟಿಗೆ ಕಟ್ಟಿದ ಹಾಗೆ ಅಡ್ಡಡ್ಡ ಪದರ. ಸಂಡೂರಲ್ಲಿ ನೆಟ್ಟಗೆ ನಿಂತಿದ್ದ ಪದರ ನೋಡಿದ ಕಣ್ಣಿಗೆ ಇದು ಎಷ್ಟು ಆರಾಮಾಗಿ ಮಲಗಿದೆ ಅನ್ನಿಸುತ್ತೆ. ಇದಕ್ಕೆ ಕಲಾದಗಿ ಬಂಡೆ ಅಂತ ಹೆಸರಿಟ್ಟವರೂ ಫುಟ್ ಸಾಹೇಬ್ರೇ, 1876ರ ವರದೀಲಿ. ಕಲಾದಗಿ ಅಂದ್ರೆ ಬಾಗಲಕೋಟೆ ಹತ್ರದ ಊರು, ದಾಳಿಂಬೆ, ಚಿಕ್ಕು ಸಂತೆಗೆ ಹೆಸರಾಗಿದೆಯಲ್ಲ, ಅದೇ.

ತೂಗುಸೇತುವೆ ಹತ್ರ ನಿಂತು ಚಿಕ್ಕಪ್ಪ ಕೊನೇ ಕಥೆ ಬಿಚ್ಚಿದ್ರು. ಗೋಕಾಕದ ಹತ್ರ ಒಂದು ಹಳ್ಳದ ದಡದ ಮಣ್ಣಲ್ಲಿ ಸಾಹೇಬ್ರಿಗೆ ಮೂಳೆ ಸಿಕ್ತು, ಘೇಂಡಾಮೃಗದ್ದು. 1874ರಲ್ಲಿ ರೈನೋಸೆರಸ್ ಡೆಕ್ಕನೆನ್ಸಿಸ್ ಅನ್ನೋ ಹೆಸರಲ್ಲಿ ಅದರ ವಿವರ ಅಚ್ಚಾಯ್ತು. ಕಬ್ಬಿನ ಗಾಡಿ ಹೋಗೋ ಈ ಬಯಲಲ್ಲಿ ಘೇಂಡಾಮೃಗ! ಅಷ್ಟು ದೊಡ್ಡ ಪ್ರಾಣಿಗೆ ಸಾಕಾಗೋಷ್ಟು ಹುಲ್ಲು, ಕೆಸರು, ನೀರು ಇಲ್ಲಿತ್ತು ಅಂತ ಆಯ್ತಲ್ಲ. ನಾನು ನದಿ ಕಡೆ ನೋಡ್ದೆ, ನಾಲ್ಕು ಎಮ್ಮೆ ನಿಂತ ನೀರಲ್ಲಿ ಮುಳುಗಿ ಮೂಗು ಮಾತ್ರ ಮೇಲಿಟ್ಟಿದ್ವು.

ಸಾಹೇಬ್ರು ತೀರಿಕೊಂಡಿದ್ದು 1912ರ ಡಿಸೆಂಬರ್ 29ಕ್ಕೆ ಕಲ್ಕತ್ತಾದಲ್ಲಿ. ಚಿತಾಭಸ್ಮ ಇರೋದು ಅವರ ಮನೆ ಇದ್ದ ತಮಿಳುನಾಡಿನ ಯೇರ್ಕಾಡಿನಲ್ಲಿ, ಚರ್ಚಿನ ಅಂಗಳದಲ್ಲಿ. ಮುಂದಿನ ಸಲ ಅಲ್ಲಿಗೆ ಅಂತ ಆಗಲೇ ತೀರ್ಮಾನ ಆಗಿದೆ, ನನ್ನನ್ನ ಕೇಳಿಲ್ಲ.

ಬಸ್ ಸ್ಟ್ಯಾಂಡಲ್ಲಿ ನಾನು ಬ್ಯಾಗ್ ಬಿಚ್ಚಿ ಮೂರು ಕಲ್ಲುಗಳನ್ನ ಬೆಂಚ್ ಮೇಲೆ ಸಾಲಾಗಿ ಇಟ್ಟೆ, ಹೊಗಳ್ತಾರೇನೋ ಅಂತ. ಚಿಕ್ಕಪ್ಪ ಕನ್ನಡಕ ಏರಿಸಿ ಒಂದೊಂದನ್ನೇ ತಿರುಗಿಸಿ ನೋಡಿದ್ರು.

"ಇದ್ ಎಲ್ಲೀದು?"

"ಸಂಡೂರು ಬಸ್ ಸ್ಟಾಪು."

ಜೇಬಿಂದ ಪೆನ್ ತೆಗೆದು ಟಿಕೆಟ್ ಹಿಂಭಾಗದಲ್ಲಿ ಸಂಡೂರು, ತಾರೀಕು, ಲಾರಿಯಿಂದ ಬಿದ್ದಿದ್ದಿರಬಹುದು ಅಂತ ಬರೆದು, ಕಲ್ಲಿಗೆ ಸುತ್ತಿ ವಾಪಸ್ ಕೊಟ್ರು.

"ಇವೆರಡು?"

ಒಂದು ಗದಗ ಅಂದೆ. ಆಮೇಲೆ ಅಲ್ಲ, ಅದು ಕೊಪ್ಪಳ, ಇದು ಗದಗ. ಅಥವಾ ಎರಡೂ ಹುಬ್ಬಳ್ಳಿನೇನೋ. ಚಿಕ್ಕಪ್ಪ ಎರಡನ್ನೂ ಎತ್ತಿಕೊಂಡು, ಬೆಂಚ್ ಪಕ್ಕ ಪೈಪ್ ಹಾಕೋಕೆ ಅಗೆದು ಅರ್ಧ ಮುಚ್ಚಿದ್ದ ಗುಂಡಿಯೊಳಗೆ ಹಾಕಿ ಕೈ ಒರೆಸಿಕೊಂಡ್ರು. "ನಡಿ, ಕರದಂಟು ತಗೊಳ್ಳೋಣ, ನಿಮ್ ಚಿಕ್ಕಮ್ಮ ಬರೀ ಕೈಲಿ ಬಂದ್ರೆ ಬಾಗಿಲು ತೆಗೆಯಲ್ಲ."